ಮಡಿಗೆ ಹೊದಿಕೆ: ಯಾವುದಕ್ಕೆ, ಯಾವಾಗ, ಯಾವುದರಿಂದ

ಶ್ರೀನಿವಾಸಪುರದ ಕಡೆ ನಮ್ಮ ಮನೆಯ ಹಿತ್ತಲಿನಲ್ಲಿ ನಾನು ಬದನೆ, ಮೆಣಸಿನಕಾಯಿ, ಟೊಮೆಟೊ ಮತ್ತು ಸೊಪ್ಪುಗಳನ್ನು ಬೆಳೆಯುತ್ತೇನೆ. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಕೊಳವೆಬಾವಿಯ ನೀರನ್ನು ಲೆಕ್ಕ ಹಾಕಿ ಬಳಸುವ ಊರಿನಲ್ಲಿ ಮಡಿಗಳಿಗೆ ಹೊದಿಕೆ, ಅಂದರೆ ತೇವ ಆರದಂತೆ ಮಣ್ಣಿನ ಮೇಲೆ ಹಾಸುವ ಎಲೆ, ಹುಲ್ಲು ಇಲ್ಲವೇ ಹಾಳೆಯ ಪದರ, ಬೇಕೇ ಎಂದು ಕೇಳುವುದೇ ಅನಾವಶ್ಯಕ ಎನಿಸಬಹುದು. ಆದರೂ ನಾನು ಎಲ್ಲ ಮಡಿಗಳಿಗೂ ಹೊದಿಕೆ ಹಾಕುವುದಿಲ್ಲ, ಹಾಕಿದ ಮಡಿಗಳಲ್ಲೂ ಅದನ್ನು ವರ್ಷವಿಡೀ ಉಳಿಸುವುದಿಲ್ಲ.

ಹೊದಿಕೆ ಹಾಕಲು ನಮ್ಮ ಕೆಂಪು ಮಣ್ಣಿನ ಸ್ವಭಾವವೇ ಮೊದಲ ಕಾರಣ. ಬಿರುಸಾದ ಮಳೆಹನಿಗೆ ಅದರ ಮೇಲ್ಮೈ ನುಣ್ಣಗಾಗಿ, ಬಿಸಿಲು ಬಿದ್ದ ಕೂಡಲೇ ಹಕ್ಕಳೆಗಟ್ಟುತ್ತದೆ. ಆಮೇಲೆ ಬಿದ್ದ ನೀರು ಒಳಗಿಳಿಯದೆ ಮೇಲೆಯೇ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಹೊದಿಕೆಯಿರುವ ಬದನೆ ಮಡಿಯಲ್ಲಿ ಎಲೆಗಳನ್ನು ಸರಿಸಿ ನೋಡಿದರೆ ಮೇಲಿನವು ಗರಗರ ಒಣಗಿರುತ್ತವೆ, ನಡುವಿನವು ಕಂದುಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿರುತ್ತವೆ, ಅದರಡಿಯ ಮಣ್ಣು ಬೆರಳಿಗೆ ತಂಪಾಗಿ, ಹುಡಿಹುಡಿಯಾಗಿ ಸಿಗುತ್ತದೆ. ಅದೇ ಹೊತ್ತಿನಲ್ಲಿ ಪಕ್ಕದ ಬರಿಮಡಿಯಲ್ಲಿ ಕಳೆ ಕೀಳುವ ಕುರ್ಚಿಗೆಯೇ ಇಳಿಯುವುದಿಲ್ಲ.

ಯಾವುದರಿಂದ ಹೊದಿಸಬೇಕು ಎಂಬುದರ ಬಗ್ಗೆ ನಾನು ಹೆಚ್ಚು ಯೋಚಿಸಿದ್ದೇನೆ. ರಾಗಿ ಹುಲ್ಲು ಒಳ್ಳೆಯ ಹೊದಿಕೆ ನಿಜ, ಆದರೆ ಅದು ಹಸುವಿನ ಪಾಲು. ಅವರೆ ಹೊಟ್ಟೂ ಹಾಗೆಯೇ. ದನ ತಿನ್ನುವುದನ್ನು ಮಣ್ಣಿಗೆ ಹಾಕಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸುತ್ತಲಿನ ಟೊಮೆಟೊ ತೋಟಗಳಲ್ಲಿ ಮೇಲೆ ಬೆಳ್ಳಿಬಣ್ಣ, ಕೆಳಗೆ ಕಪ್ಪುಬಣ್ಣವಿರುವ ಪ್ಲಾಸ್ಟಿಕ್ ಹೊದಿಕೆ ಹಾಳೆ (ಮಲ್ಚಿಂಗ್ ಶೀಟ್) ಹಾಸುತ್ತಾರೆ. ಬೆಳ್ಳಿಬಣ್ಣ ಬೆಳಕನ್ನು ಪ್ರತಿಫಲಿಸಿ ಥ್ರಿಪ್ಸ್, ಬಿಳಿನೊಣದಂಥ ರಸ ಹೀರುವ ಸಣ್ಣ ಕೀಟಗಳನ್ನು ಒಂದಿಷ್ಟು ದೂರವಿಡುತ್ತದೆ, ಕಪ್ಪುಬಣ್ಣ ಬೆಳಕು ತಡೆದು ಕಳೆ ಏಳದಂತೆ ಮಾಡುತ್ತದೆ. ಎಕರೆಗಟ್ಟಲೆ ಬೆಳೆಯುವವರಿಗೆ, ಕೂಲಿಯವರು ಸಿಗದ ಕಾಲದಲ್ಲಿ, ಅದು ತಕ್ಕ ಆಯ್ಕೆ. ನನ್ನ ಹಿತ್ತಲಿಗೆ ಅದು ಬೇಡವೆಂದು ನಿರ್ಧರಿಸಿದ್ದೇನೆ, ಏಕೆಂದರೆ ಮಳೆಯ ನೀರು ಅದರ ಮೂಲಕ ಇಳಿಯುವುದಿಲ್ಲ, ಅದು ಕೊಳೆತು ಗೊಬ್ಬರವಾಗುವುದಿಲ್ಲ, ಹರಿದ ಚೂರುಗಳು ಮಣ್ಣಿನಲ್ಲೇ ಉಳಿಯುತ್ತವೆ.

ನಾನು ಬಳಸುವುದು ಹೊಂಗೆ ಮತ್ತು ಮಾವಿನ ತರಗೆಲೆ. ಶಿವರಾತ್ರಿಯಿಂದ ಯುಗಾದಿಯವರೆಗೆ ಹೊಂಗೆ ಮರಗಳು ಎಲೆ ಉದುರಿಸುವ ಕಾಲ. ಬಿಸಿಲು ಏರುವ ಹೊತ್ತಿಗೆ ಹೊದಿಕೆಯೂ ಸಿದ್ಧವಾಗಿರುತ್ತದೆ. ಹೊಂಗೆ ಎಲೆ ಬೇಗ ಕೊಳೆಯುತ್ತದೆ, ಮಾವಿನ ಎಲೆ ದಪ್ಪವಾದುದರಿಂದ ಬಹಳ ಕಾಲ ಉಳಿಯುತ್ತದೆ. ಆದ್ದರಿಂದ ಹೊಂಗೆಯನ್ನು ಕೆಳಗೆ, ಮಾವನ್ನು ಮೇಲೆ ಹಾಕಿ, ಆಷಾಢದ ಗಾಳಿಗೆ ಹಾರದಂತೆ ತೆಂಗಿನ ಗರಿಗಳನ್ನು ಹೇರುತ್ತೇನೆ. ನೀಲಗಿರಿ ಎಲೆಯನ್ನು ಮಾತ್ರ ಮುಟ್ಟುವುದಿಲ್ಲ. ಅದು ಬೇರೆ ಬೀಜಗಳ ಮೊಳಕೆಯನ್ನು ತಡೆಯುತ್ತದೆ.

ಹಾಕುವ ಮೊದಲು ಜೇಕು ಮತ್ತು ಗರಿಕೆ ಕಳೆಗಳನ್ನು ಗಡ್ಡೆ, ಬೇರು ಸಹಿತ ಅಗೆದು ತೆಗೆಯಲೇಬೇಕು, ಏಕೆಂದರೆ ಎಲೆಯಿರಲಿ, ಪ್ಲಾಸ್ಟಿಕ್ ಹಾಳೆಯನ್ನೂ ಜೇಕು ತೂರಿಕೊಂಡು ಬರುತ್ತದೆ. ಮಡಿಯನ್ನು ಚೆನ್ನಾಗಿ ನೆನೆಸಿ, ಡ್ರಿಪ್ ಪೈಪನ್ನು ಹೊದಿಕೆಯ ಕೆಳಗಿರಿಸಿ, ನಾಲ್ಕು ಬೆರಳು ದಪ್ಪಕ್ಕೆ ಎಲೆ ಹರಡಿ, ಕಾಂಡದ ಸುತ್ತ ಅಷ್ಟೇ ಜಾಗ ಬಿಡುತ್ತೇನೆ. ಒಣಮಣ್ಣಿನ ಮೇಲೆ ಹೊದಿಸಿದರೆ ತುಂತುರು ಮಳೆಯೆಲ್ಲ ಎಲೆಯಲ್ಲೇ ಆರಿ, ಮಣ್ಣು ಒಣಗಿಯೇ ಇರುತ್ತದೆ. ಬೀಜ ಎರಚುವ ಕೊತ್ತಂಬರಿ, ಮೆಂತ್ಯ, ದಂಟಿನ ಮಡಿಗಳಿಗೆ ಹೊದಿಕೆ ಹಾಕುವುದಿಲ್ಲ. ಗೆದ್ದಲಿನ ಕಾರಣಕ್ಕೆ ಮನೆಯ ಗೋಡೆಗೆ ಹೊಂದಿಕೊಂಡ ಮಡಿಗೂ ಇಲ್ಲ.

ನಮ್ಮಲ್ಲಿ ಮಳೆ ಹೆಚ್ಚಾಗುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆಗ ಒದ್ದೆ ಎಲೆಯಡಿ ಬಸವನಹುಳುಗಳು ಹಗಲು ಅಡಗಿದ್ದು ರಾತ್ರಿ ಎಳೆಗಿಡಗಳನ್ನು ಮೇಯುತ್ತವೆ. ಟೊಮೆಟೊ, ಮೆಣಸಿನ ಬುಡದಲ್ಲಿ ಬಿಳಿ ಬೂಷ್ಟು ಮತ್ತು ಸಾಸಿವೆ ಕಾಳಿನಂಥ ಸಣ್ಣ ಕಂದು ಉಂಡೆಗಳು ಕಂಡರೆ ಅದು ಬುಡಕೊಳೆ ರೋಗದ ಗುರುತು. ಹಾಗಾಗಿ ಮಳೆ ಹಿಡಿಯುವ ಮುನ್ನವೇ ಎಲೆಗಳನ್ನು ಕಾಲುದಾರಿಗೆ ಎಳೆದು ಹಾಕಿ, ಬುಡಕ್ಕೆ ಗಾಳಿ ಬೆಳಕು ಬಿಡುತ್ತೇನೆ. ಕಾಲುದಾರಿಯಲ್ಲಿ ಪೂರ್ತಿ ಕೊಳೆತದ್ದನ್ನು ಮುಂದಿನ ನಾಟಿಗೆ ಮೊದಲು ಮಣ್ಣಿಗೆ ಸೇರಿಸುತ್ತೇನೆ. ಕೊಳೆಯದ ಎಲೆಯನ್ನು ಅಗೆದು ಸೇರಿಸಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಹೀರಿಕೊಂಡು ಗಿಡ ಹಳದಿಯಾಗುವುದರಿಂದ, ಅಂಥದ್ದನ್ನು ತಿಪ್ಪೆಗೆ ಹಾಕುತ್ತೇನೆ.