ಬೀಟೆಯೋ ಮಹಾಗನಿಯೋ: ಎರಡು ಗಿಟಾರ್ ಕೇಳಿ ನೋಡುವ ಬಗೆ

ಚಿಕ್ಕಮಗಳೂರಿನ ನಮ್ಮ ಹಳೇ ಮನೆಯ ತಲೆಬಾಗಿಲು ಬೀಟೆಯದು. ಅಮೆರಿಕದ ಮಾರ್ಟಿನ್ ಕಂಪನಿಯ ಈಗಿನ ಡಿ-28 ಗಿಟಾರಿನ ಬೆನ್ನು, ಪಕ್ಕಗಳೂ ಅದೇ ಜಾತಿಯ ಮರ ಅಂತ ತಿಳಿದ ದಿನ ಆ ಬಾಗಿಲನ್ನು ಬೆರಳಲ್ಲಿ ತಟ್ಟಿ ತಟ್ಟಿ ಕೇಳಿದ್ದೆ. ಅದೇ ಕಂಪನಿಯ ಡಿ-18ರದ್ದು ಮಹಾಗನಿ. ಎರಡಕ್ಕೂ ಮೇಲ್ಹಲಗೆ ಸ್ಪ್ರೂಸ್ ಅನ್ನೋ ಮರದ್ದು, ಆಕಾರವೂ ಒಂದೇ. ಮರದ ಗುಣ ತಿಳಿಯೋಕೆ ಇದಕ್ಕಿಂತ ಒಳ್ಳೆ ಜೋಡಿ ನಾನು ಕಂಡಿಲ್ಲ.

ಮೊದಲು ಎರಡಕ್ಕೂ ಒಂದೇ ಗೇಜಿನ, ಅಂದರೆ ಒಂದೇ ದಪ್ಪದ, ಹೊಸ ತಂತಿ ಹಾಕಿಸಿ. ಹಳೇ ತಂತಿ ಮರದ ದನಿಯನ್ನೇ ಮುಚ್ಚಿಬಿಡುತ್ತೆ. ಒಂದೇ ಕೋಣೆ, ಮೀಟೋಕೆ ಒಂದೇ ಪಿಕ್. ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು (ಇ ಸ್ವರದ್ದು) ಒಮ್ಮೆ ಮೀಟಿ, ಸದ್ದು ಪೂರ್ತಿ ಆರುವವರೆಗೆ ಕಾಯಿರಿ. ಬೀಟೆಯಲ್ಲಿ ತಳದ ನಾದ ತುಂಬಿಕೊಂಡು, ಅದರ ಮೇಲೆ ಸಣ್ಣ ಸಣ್ಣ ಸ್ವರಗಳು ಹೊಳೆಯುತ್ತಾ ಬಹಳ ಹೊತ್ತು ನಿಲ್ಲುತ್ತವೆ. ಮಹಾಗನಿಯಲ್ಲಿ ಪ್ರತಿ ಸ್ವರವೂ ಬಿಡಿಬಿಡಿ, ಬೇಗ ಆರುತ್ತೆ. ಹಾಡಿನ ಜೊತೆ ನುಡಿಸೋದಾದರೆ ನನ್ನ ಆಯ್ಕೆ ಮಹಾಗನಿಯೇ, ಹಾಡುವವರ ದನಿಗೆ ಜಾಗ ಸಿಗುತ್ತೆ.

ಆಮೇಲೆ ಮೇಲ್ಹಲಗೆಯ ದುಂಡು ತೂತಿನ (ಸೌಂಡ್‌ಹೋಲ್) ಒಳಗೆ ಪುಟ್ಟ ಕನ್ನಡಿ ಹಿಡಿದು ಟಾರ್ಚ್ ಬಿಡಿ. ಎಕ್ಸ್ ಆಕಾರದ ಬ್ರೇಸಿಂಗ್, ಅಂದರೆ ಮೇಲ್ಹಲಗೆಗೆ ಒಳಗಿನಿಂದ ಅಂಟಿಸಿದ ಆಸರೆ ಪಟ್ಟಿಗಳು, ಕಾಣುತ್ತೆ. ಪಟ್ಟಿಗೂ ಹಲಗೆಗೂ ನಡುವೆ ಸಂದಿರಬಾರದು.

ಜುಲೈ ಮಳೆಯಲ್ಲಿ ಮಾತ್ರ ಹೋಲಿಸಬೇಡಿ. ನಮ್ಮೂರ ತೇವಕ್ಕೆ ಮೇಲ್ಹಲಗೆ ಉಬ್ಬಿ, ತಂತಿ ಮೇಲೆದ್ದು, ದನಿ ಮಂಕಾಗುತ್ತೆ. ಕೇಸಿನೊಳಗೆ ಆರ್ದ್ರತೆ ಶೇ. 45ರಿಂದ 55ರೊಳಗೆ ಇರಲಿ.