ಮುರುಕು ಇಂಗ್ಲಿಷಿನಲ್ಲಿ ಫ್ರೆಂಚ್ ಕಲಿಸಿದ ನನ್ನ ಅನುಭವ

ಕೆನಡಾದ ಒಟ್ಟಾವಾದಲ್ಲಿ ಸಂಜೆ ಹೊತ್ತು ಫ್ರೆಂಚ್ ಪಾಠ ಹೇಳೋಕೆ ಶುರು ಮಾಡಿ ಆರೇಳು ವರ್ಷ ಆಯ್ತು. ಬರುವವರು ಜಾಸ್ತಿ ಸರ್ಕಾರಿ ನೌಕರರು, ಇಂಗ್ಲಿಷ್ ಮನೆಮಾತಿನವರು. ಬಡ್ತಿಗೆ ಮಾತಿನ ಪರೀಕ್ಷೆಯಲ್ಲಿ ಬಿ ಅಥವಾ ಸಿ ಮಟ್ಟ ಬೇಕು. ಅವರು ನನ್ನನ್ನು ಕೇಳುವ ಪ್ರಶ್ನೆಗಳೂ ಯಾವಾಗಲೂ ಅವೇ: ಯಾವ ಪದ ಗಂಡು, ಯಾವುದು ಹೆಣ್ಣು; ಭೂತಕಾಲ ಹೇಳೋಕೆ ಸಹಾಯಕ ಕ್ರಿಯಾಪದ 'ಎತ್ರ್' (ಇರು) ಬೇಕಾ, 'ಅವ್ವಾರ್' (ಹೊಂದಿರು) ಬೇಕಾ; ಎರಡು ಭೂತಕಾಲಗಳಲ್ಲಿ ಯಾವುದು.

ಮೊದಲೆರಡು ವರ್ಷ ಸುಮ್ನೆ ದುಡ್ಡು ಸುಟ್ಟೆ. ಪದಗಳ ಲಿಂಗ ಕಲಿಸೋಕೆ ನೀಲಿ, ಗುಲಾಬಿ ಕಾರ್ಡು ಅಚ್ಚು ಹಾಕಿಸಿದ್ದಕ್ಕೇ 150 ಡಾಲರ್ ಹತ್ತಿರ ಹೋಯ್ತು. ಎತ್ರ್ ಹಿಡಿಯುವ ಕ್ರಿಯಾಪದಗಳಿಗೆ ಎಲ್ಲರೂ ಹೇಳಿಕೊಡುವ, ಮೊದಲಕ್ಷರ ಜೋಡಿಸಿ ಮಾಡಿದ ವ್ಯಾಂಡರ್‌ಟ್ರ್ಯಾಂಪ್ ಪಟ್ಟಿಯನ್ನು ಬಾಯಿಪಾಠ ಮಾಡಿಸಿದೆ. ಪಟ್ಟಿ ಬಂತು, ಮಾತು ಬರಲಿಲ್ಲ. ಇಬ್ಬರು ಅರ್ಧಕ್ಕೇ ಬಿಟ್ಟು ಫೀಸು ವಾಪಸ್ ಕೇಳಿದರು. ಕೊಟ್ಟೆ, ಇನ್ನೇನು ಮಾಡೋದು?

ದಾರಿ ಸಿಕ್ಕಿದ್ದು ಒಂದು ಹಳೇ ಅವಮಾನದಿಂದ. ಇಲ್ಲಿನ ನನ್ನ ಮೊದಲ ಕೆಲಸದಲ್ಲಿ 'ಐ ಆಮ್ ಹಿಯರ್ ಸಿನ್ಸ್ ಟು ಇಯರ್ಸ್' ಅಂದಿದ್ದಕ್ಕೆ ಪಕ್ಕದವರು ನಕ್ಕಿದ್ದರು. 'ಎರಡು ವರ್ಷದಿಂದ ಇಲ್ಲಿದ್ದೀನಿ' ಅನ್ನೋದನ್ನ ಹಾಗೇ ಇಂಗ್ಲಿಷಿಗೆ ಎತ್ತಿ ಹಾಕಿದ್ದೆ. ಫ್ರೆಂಚಿನವರು ಹೇಳೋದೂ ಥೇಟ್ ಹಾಗೇ: ಝ ಸ್ವಿ ಇಸಿ ದಪ್ವಿ ದ್ಯೂಝಾಂ. ಅಲ್ಲಿಂದ ನಿಯಮ ಹೇಳೋದು ಬಿಟ್ಟೆ. ಪ್ರತಿ ವಾಕ್ಯದ ಕೆಳಗೂ ಪದಕ್ಕೆ ಪದ ಮುರುಕು ಇಂಗ್ಲಿಷ್ ಬರೆಸಿದೆ. ಹಸಿವಾದರೆ 'ಐ ಹ್ಯಾವ್ ಹಂಗರ್'. ನೀನಿಲ್ಲದೆ ಬೇಜಾರು ಅನ್ನೋ 'ತ್ಯು ಮ ಮಾಂಕ್' ಅಂದರೆ 'ಯು ಟು ಮಿ ಲ್ಯಾಕ್'. ತರಗತಿಯ ಮೊದಲ ಹತ್ತು ನಿಮಿಷ ಈ ಭಾಷೆಯಲ್ಲೇ ಹರಟೆ. ನಕ್ಕು ನಕ್ಕು ಸುಸ್ತಾಗುತ್ತಿದ್ದರು, ಆದರೆ ಮರೆಯುತ್ತಿರಲಿಲ್ಲ. ಜೊತೆಗೆ ಪಾಠ ಹೇಳುವ ಮೇಡಂ ಒಬ್ಬರು 'ಇರೋ ಇಂಗ್ಲಿಷೂ ಕೆಟ್ಟುಹೋಗುತ್ತೆ, ಬಿಡ್ರೀ' ಅಂದರು.

ಎತ್ರ್-ಅವ್ವಾರ್ ಗಲಾಟೆಗೆ ಮಾತ್ರ ಇದು ಸಾಲಲಿಲ್ಲ. ಒಬ್ಬಾತ 'ಝ ಸ್ವಿ ಸೊರ್ತಿ ಲಾ ಪುಬೆಲ್' ಅಂದ. ಕಸದ ಬುಟ್ಟಿ ಹೊರಗಿಟ್ಟೆ ಅನ್ನೋಕೆ ಹೊರಟಿದ್ದ, ಅವ್ವಾರ್ ಬದಲು 'ಸ್ವಿ' ಅಂತ ಎತ್ರ್ ಹಾಕಿಬಿಟ್ಟ. ಮೇಜಿನ ಕೆಳಗಿದ್ದ ಬುಟ್ಟಿಯನ್ನೇ ಅವನ ಕೈಗೆ ಕೊಟ್ಟು ಬಾಗಿಲಾಚೆ ಕಳಿಸಿದೆ. ಕೈಯಲ್ಲಿ ಸಾಮಾನಿದೆ, ಅವ್ವಾರ್. ಬುಟ್ಟಿ ಅಲ್ಲೇ ಇಟ್ಟು ಒಳಗೆ ಬಂದ. ಮತ್ತೆ ಬರಿಗೈಲಿ ಹೊರಗೆ ಕಳಿಸಿದೆ. ಈಗ ಎತ್ರ್. ಸೂಟ್‌ಕೇಸ್ ಹಿಡಿದು ಮೆಟ್ಟಿಲ ಹತ್ತಿರವೂ ಇದೇ ಆಟ. ನಮಗೆ ಇದು ಸಲೀಸು, ಅಲ್ವಾ? ನಾನು ಇಳಿದೆ, ಸೂಟ್‌ಕೇಸ್ ಇಳಿಸಿದೆ. ನಾವು ಕ್ರಿಯಾಪದಕ್ಕೇ 'ಇಸು' ಹಚ್ಚುತ್ತೇವೆ, ಅವರು ಸಹಾಯಕ ಕ್ರಿಯಾಪದ ಬದಲಿಸುತ್ತಾರೆ. ಈ ಆಟ ನಡೆಯೋದು ಮುಖ್ಯವಾಗಿ ಆರು ಕ್ರಿಯಾಪದಕ್ಕೆ: ಮೊಂತೇ (ಹತ್ತು), ದೆಸಾಂದ್ರ್ (ಇಳಿ), ಸೊರ್ತೀರ್ (ಹೊರಗೆ ಹೋಗು), ರಾಂತ್ರೇ (ಒಳಗೆ ಬಾ), ರತೂರ್ನೇ (ಮರಳು), ಪಾಸೇ (ದಾಟು).

ನಡುವೆ ಲಿಂಗದ ಮೇಲೂ ಒಂದು ಪ್ರಯೋಗ ಮಾಡಿದೆ. 100 ಪದ ಕೊಟ್ಟು ಊಹಿಸಿ ಅಂದಾಗ 55-60 ಸರಿ ಬಂತು. ಪದದ ಬಾಲ ನೋಡೋದನ್ನ ಕಾಲು ಗಂಟೆ ಹೇಳಿಕೊಟ್ಟ ಮೇಲೆ 80ರ ಹತ್ತಿರ. 'ಆಝ್' ಬಾಲದವು ಗಂಡು: ಫ್ರೊಮಾಝ್, ವ್ವಯಾಝ್, ವಿಲಾಝ್. ಪ್ಲಾಝ್, ಪಾಝ್, ಇಮಾಝ್, ಕಾಝ್ ಥರದ ಕೆಲವು ಮಾತ್ರ ಕೈ ಕೊಡುತ್ತವೆ. ಕಾರ್ಡಿನ ದುಡ್ಡು ನೆನೆದು ಹೊಟ್ಟೆ ಉರೀತು.

ಮುಗಿದುಹೋದ ಕೆಲಸ ಹೇಳುವ ಪಾಸೆ ಕಂಪೋಝೆಯೋ, ಆಗ ನಡೆಯುತ್ತಿದ್ದದ್ದು ಹೇಳುವ ಆ್ಯಂಪರ್ಫೆಯೋ ಅನ್ನೋ ಪ್ರಶ್ನೆಗೆ ಮುರುಕು ಇಂಗ್ಲಿಷ್ ಪೂರ್ತಿ ಸೋತಿತು. ಅದಕ್ಕೆ ಬೇರೆ ಉಪಾಯ ಇದೆ. ಮುಂದಿನ ಬ್ಯಾಚ್ ಮುಗಿಯೋ ತನಕ ಅದು ನನ್ನ ಹತ್ತಿರವೇ ಇರಲಿ.

ಹೋದ ಬ್ಯಾಚಿನ ಒಂಬತ್ತು ಜನರಲ್ಲಿ ಏಳು ಮಂದಿಗೆ ಬೇಕಾದ ಮಟ್ಟ ಸಿಕ್ಕಿತು. ಗಂಟೆಗೆ 25 ಇದ್ದ ಫೀಸು ಈಗ 40 ಡಾಲರ್. ಆ ಮೇಡಂ ಕೂಡ ಇಬ್ಬರನ್ನು ನನ್ನ ಹತ್ತಿರ ಕಳಿಸಿದ್ದಾರೆ. ನೀಲಿ, ಗುಲಾಬಿ ಕಾರ್ಡು ಯಾರಿಗಾದರೂ ಬೇಕಿದ್ದರೆ ಹೇಳಿ, ಅರ್ಧ ಬೆಲೆಗೆ ಕೊಡ್ತೀನಿ.