ತೆರಿಗೆ ಬಾಕಿಗೆ ಜಪ್ತಿಯಾದ ಆಸ್ತಿ: ಹರಾಜಿನಲ್ಲಿ ಕೊಳ್ಳುವುದು ಹೇಗೆ?

ಆದಾಯ ತೆರಿಗೆ ಕಟ್ಟದವರ ಮನೆ, ನಿವೇಶನ, ಮಳಿಗೆಗಳನ್ನು ಜಪ್ತಿ ಮಾಡಿ ಹರಾಜು ಹಾಕುವವರು ತೆರಿಗೆ ವಸೂಲಾತಿ ಅಧಿಕಾರಿ, ಅಂದರೆ ಟಿಆರ್‌ಒ. 1961ರ ಆದಾಯ ತೆರಿಗೆ ಕಾಯ್ದೆಯ (2026ರ ಏಪ್ರಿಲ್ 1ರಿಂದ ಇದರ ಬದಲು 2025ರ ಆದಾಯ ತೆರಿಗೆ ಕಾಯ್ದೆ) ಎರಡನೇ ಅನುಸೂಚಿಯಡಿ ಈ ಹರಾಜು ನಡೆಯುವ ಕ್ರಮ ಹೀಗಿದೆ.

ಮೊದಲು ಹರಾಜು ಪ್ರಕಟಣೆ ಓದಿ. ಅದನ್ನು ಆಸ್ತಿಯ ಮೇಲೂ ಟಿಆರ್‌ಒ ಕಚೇರಿಯಲ್ಲೂ ಅಂಟಿಸಿ 30 ದಿನ ಕಳೆಯುವ ತನಕ ಹರಾಜು ನಡೆಸುವಂತಿಲ್ಲ. ಕನಿಷ್ಠ ಬೆಲೆ, ವಸೂಲಾಗಬೇಕಾದ ಬಾಕಿ, ಆಸ್ತಿಯ ವಿವರ ಎಲ್ಲವೂ ಅದರಲ್ಲಿರುತ್ತವೆ. ಆದರೆ ಸುಸ್ತಿದಾರನಿಗೆ ಇದ್ದ ಹಕ್ಕಷ್ಟೇ ನಿಮಗೆ ಬರುತ್ತದೆ. ಆ ಹಕ್ಕು ಎಷ್ಟೆಂದು ತಿಳಿಯಲು ಈ 30 ದಿನ ಬಳಸಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ 30 ವರ್ಷದ ಋಣಭಾರ ಪತ್ರ (ಇಸಿ) ತೆಗೆಸಿ, ಮೂಲಪತ್ರಗಳ ಸರಣಿ ತಾಳೆ ನೋಡಿ. ಬ್ಯಾಂಕ್ ಸಾಲವಿದೆಯೇ ಎಂದು ಸರ್ಸಾಯಿ, ಅಂದರೆ ಸಾಲಕ್ಕೆ ಅಡವಿಟ್ಟ ಆಸ್ತಿಗಳ ಕೇಂದ್ರ ನೋಂದಣಿಯ ದಾಖಲೆಯಲ್ಲಿ ಹುಡುಕಿ. ಅಲ್ಲಿ ನೋಂದಾಯಿಸಿದ ಬ್ಯಾಂಕಿನ ಹಕ್ಕು, ಬ್ಯಾಂಕುಗಳ ಸಾಲ ವಸೂಲಿಗಿರುವ ಸರ್ಫೇಸಿ ಕಾಯ್ದೆಯ 26ಇ ಕಲಮಿನ ಪ್ರಕಾರ ಸರ್ಕಾರದ ತೆರಿಗೆಗಿಂತ ಮುಂದೆ ನಿಲ್ಲುತ್ತದೆ. ಸ್ಥಳಕ್ಕೂ ಹೋಗಿ, ಒಳಗೆ ಯಾರಿದ್ದಾರೆ, ಯಾವ ಆಧಾರದ ಮೇಲಿದ್ದಾರೆ ಎಂದು ವಿಚಾರಿಸಿ. ಆಸ್ತಿ ತೆರಿಗೆ, ವಿದ್ಯುತ್ ಬಿಲ್ ಬಾಕಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹರಾಜಿನ ದಿನ ಕನಿಷ್ಠ ಬೆಲೆಗಿಂತ ಕೆಳಗಿನ ಕೂಗಿಗೆ ಮಾರಾಟವಿಲ್ಲ. ಕೊನೆಯ ಕೂಗು ಮುಗಿಯುವ ಮೊದಲು ಸುಸ್ತಿದಾರ ಬಾಕಿಯನ್ನೂ ಖರ್ಚನ್ನೂ ಕಟ್ಟಿದರೆ ಹರಾಜೇ ನಿಲ್ಲುತ್ತದೆ.

ಕೂಗು ನಿಮ್ಮದಾದರೆ ಶೇ 25ರಷ್ಟನ್ನು ಅಲ್ಲೇ ಕಟ್ಟಬೇಕು. ಉಳಿದದ್ದಕ್ಕೆ ಗಡುವು ಹರಾಜಿನ ದಿನದಿಂದ 15ನೇ ದಿನ. 60 ಲಕ್ಷ ರೂಪಾಯಿಗೆ ಕೂಗಿದ್ದರೆ ಅಂದೇ 15 ಲಕ್ಷ, ಹದಿನೈದು ದಿನದೊಳಗೆ 45 ಲಕ್ಷ. ಹೆಚ್ಚಿನವರು ಎಡವುವುದು ಇಲ್ಲೇ. ಆಸ್ತಿ ಇನ್ನೂ ನಿಮ್ಮ ಹೆಸರಿಗೆ ಬಂದಿರುವುದಿಲ್ಲ, ಹಾಗಾಗಿ ಅದನ್ನೇ ಅಡವಿಟ್ಟು ಗೃಹಸಾಲ ಪಡೆಯುವ ಯೋಚನೆ ಬಿಡಿ. ಗಡುವು ತಪ್ಪಿದರೆ ಠೇವಣಿ ಮುಟ್ಟುಗೋಲಾಗಬಹುದು, ಆಸ್ತಿ ಮರುಹರಾಜಿಗೆ ಹೋಗುತ್ತದೆ.

ಪೂರ್ತಿ ಹಣ ಕಟ್ಟಿದ ಮೇಲೂ ಸುಣ್ಣಬಣ್ಣಕ್ಕೆ ಕೈಹಾಕಬೇಡಿ. ಹರಾಜಾದ 30 ದಿನದೊಳಗೆ ಸುಸ್ತಿದಾರ ಬಾಕಿಯನ್ನು ಬಡ್ಡಿ ಸಮೇತ ಕಟ್ಟಿ, ನಿಮಗೆ ಖರೀದಿ ಮೊತ್ತದ ಶೇ 5ರಷ್ಟು ಹೆಚ್ಚುವರಿ ಠೇವಣಿ ಇಟ್ಟು ಮಾರಾಟ ರದ್ದು ಕೋರಬಹುದು. ಮೇಲಿನ ಲೆಕ್ಕದಲ್ಲಿ ಅದು 3 ಲಕ್ಷ. ನೋಟಿಸ್ ತಲುಪಿಲ್ಲ, ಕ್ರಮದಲ್ಲಿ ದೊಡ್ಡ ಲೋಪವಾಗಿದೆ ಎಂಬ ತಕರಾರಿಗೂ ಅಷ್ಟೇ ಅವಧಿ. ಖರೀದಿದಾರರಿಗೂ ಒಂದು ದಾರಿಯಿದೆ, ಗೊತ್ತಿರುವವರು ಕಡಿಮೆ: ಆಸ್ತಿಯಲ್ಲಿ ಸುಸ್ತಿದಾರನಿಗೆ ಮಾರಬಲ್ಲ ಹಕ್ಕೇ ಇರಲಿಲ್ಲ ಎಂದು ತಿಳಿದುಬಂದರೆ ಇದೇ 30 ದಿನದಲ್ಲಿ ನೀವೇ ರದ್ದತಿಗೆ ಅರ್ಜಿ ಹಾಕಬಹುದು.

ತಕರಾರಿಲ್ಲದಿದ್ದರೆ, ಇದ್ದದ್ದು ವಜಾ ಆದರೆ, ಟಿಆರ್‌ಒ ಮಾರಾಟ ಸ್ಥಿರಪಡಿಸಿ ಮಾರಾಟ ಪ್ರಮಾಣಪತ್ರ ಕೊಡುತ್ತಾರೆ. ಅದರ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯ 1ನೇ ಪುಸ್ತಕಕ್ಕೆ, ಅಂದರೆ ಸ್ಥಿರಾಸ್ತಿ ಪತ್ರಗಳ ದಾಖಲೆ ಪುಸ್ತಕಕ್ಕೆ ಸೇರಬೇಕು. ಸೇರಿತೇ ಎಂದು ವಿಚಾರಿಸಿಕೊಂಡು ಖಾತಾ ಬದಲಾವಣೆಗೆ ಅರ್ಜಿ ಹಾಕಿ. ಸುಸ್ತಿದಾರನೇ ಒಳಗಿದ್ದರೆ ಸ್ವಾಧೀನ ಕೊಡಿಸುವಂತೆ ಟಿಆರ್‌ಒಗೆ ಅರ್ಜಿ ಕೊಡಿ. ಹಕ್ಕುಳ್ಳ ಬಾಡಿಗೆದಾರರಿದ್ದರೆ ಪ್ರಮಾಣಪತ್ರದ ಪ್ರತಿಯನ್ನು ಆಸ್ತಿಗೆ ಅಂಟಿಸಿ ತಿಳಿಯಪಡಿಸುತ್ತಾರಷ್ಟೇ, ಅವರನ್ನು ಹೊರಹಾಕಿ ಕೊಡುವುದಿಲ್ಲ.